ಕಾಗದದಲ್ಲಷ್ಟೇ ಬೇರೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಆಳೆತ್ತರದ ಯಂತ್ರಗಳಿದ್ದವು. ಅವುಗಳಿಂದ ಬಿಸಿಬಿಸಿಯಾಗಿ ಹೊರಬೀಳುವ ಹಾಸಿಗೆ ಬಟ್ಟೆ, ದಿಂಬಿನ ಚೀಲ, ವೈದ್ಯರ ಹಸಿರು ಅಂಗಿಗಳನ್ನು ಮಡಿಸಿ ವಾರ್ಡುವಾರು ಜೋಡಿಸಿಡುವುದು ಅವಳ ಕೆಲಸ. ಸೇರಿದ ನಾಲ್ಕೈದು ವರ್ಷಕ್ಕೆಲ್ಲ ಕೈಗೆ ಆ ಚಟ ಹತ್ತಿಬಿಟ್ಟಿತು. ಬಸ್ಸಿನ ಟಿಕೆಟ್ಟಿಗೂ ನಾಲ್ಕು ಮಡಿಕೆ, ಅಂಗಡಿಯ ಪೊಟ್ಟಣದ ಕಾಗದಕ್ಕೂ ನಾಲ್ಕು ಮಡಿಕೆ. ಜೊತೆಯವರು ಮಡಿಕೆಯಕ್ಕ ಎಂದು ಕರೆಯತೊಡಗಿದರು. ಬೀದಿಯವರ ಬಾಯಲ್ಲೂ ಅದೇ ಹೆಸರು ರೂಢಿಯಾಯಿತು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಅವಳ ಮನೆ. ಮೂರು ಅಂತಸ್ತಿನ ಹಳೆಯ ಕಟ್ಟಡ. ಸಂಸಾರಕ್ಕೊಂದು ಕೋಣೆ, ಒಂದು ಅಡುಗೆಮನೆ, ಮೊಗಸಾಲೆಯ ತುದಿಯಲ್ಲಿ ಎಲ್ಲರಿಗೂ ಸೇರಿ ಎರಡು ಬಚ್ಚಲು. ಗಂಡ ಲಿಫ್ಟ್ ಮೆಕ್ಯಾನಿಕ್. ಮಗಳನ್ನು ಗುಬ್ಬಿ ಎನ್ನುತ್ತಿದ್ದರು. ಆಗವಳಿಗೆ ಆರು ವರ್ಷ. ಬೀದಿಯಲ್ಲಿದ್ದವರೆಲ್ಲ ಪಕ್ಕದ ನೂಲಿನ ಕಾರ್ಖಾನೆಯವರು, ಇಲ್ಲವೇ ಆಸ್ಪತ್ರೆಯವರು. ಸಂಜೆಯಾದರೆ ಮಕ್ಕಳ ಗಲಾಟೆಗೆ ಕಿವಿಗಡಚಿಕ್ಕುತ್ತಿತ್ತು.

ಕಾರ್ಖಾನೆ ಮುಚ್ಚಿದ ಮರುವರ್ಷವೇ ಅದರ ಜಾಗ, ಈ ಕಟ್ಟಡ ಎರಡೂ ಒಬ್ಬನೇ ಬಿಲ್ಡರ್ ಕೈಗೆ ಹೋದವು. ಗೋಪುರದಂಥ ಮಹಡಿ ಏಳುತ್ತದೆ, ಹೆಚ್ಚು ಅಂತಸ್ತಿಗೆ ಅನುಮತಿ ಸಿಕ್ಕಿದ್ದಕ್ಕೆ ಪ್ರತಿಯಾಗಿ ಹಿಂಭಾಗದಲ್ಲಿ ಕೆಲವು ಮನೆಗಳನ್ನು ಹಳೆಯ ನಿವಾಸಿಗಳಿಗೆ ಕಡಿಮೆ ಬಾಡಿಗೆಗೆ ಕೊಡುತ್ತಾರೆ ಎಂದು ಸುದ್ದಿ ಬಂತು. ಕೆಲವರು ನಂಬಲಿಲ್ಲ, ಕೊಟ್ಟಷ್ಟು ಪರಿಹಾರ ತೆಗೆದುಕೊಂಡು ಗಂಟುಮೂಟೆ ಕಟ್ಟಿದರು. ಮಡಿಕೆಯಕ್ಕ ನಂಬಿದಳು. ನಂಬದೆ ಬೇರೆ ದಾರಿಯೂ ಇರಲಿಲ್ಲ. ಅವಳ ಪಾಳಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ಊರಾಚೆಯಿಂದ ಆ ಹೊತ್ತಿಗೆ ಬಸ್ಸೇ ಇಲ್ಲ.

ಅರ್ಜಿ ಹಿಡಿದು ವಸತಿ ಕಚೇರಿಗೆ ಹೋದಳು. ದಪ್ಪ ಕನ್ನಡಕದ ಗುಮಾಸ್ತನೊಬ್ಬ ಅರ್ಜಿಯನ್ನು ಹಿಂದೆ ಮುಂದೆ ತಿರುವಿ ನೋಡಿದ.

"ನಿಮ್ಮಿಬ್ಬರ ಸಂಬಳ ಸೇರಿಸಿದ್ರೆ ಆದಾಯದ ಮಿತಿ ದಾಟುತ್ತಲ್ಲಮ್ಮ."

"ತುಂಬಾ ದಾಟುತ್ತಾ ಸಾರ್?"

"ಕೂದಲೆಳೆಯಷ್ಟು. ಆದ್ರೂ ದಾಟಿದ್ದು ದಾಟಿದ್ದೇ."

ಅವಳು ಕದಲಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಗುಮಾಸ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡಿ. ಮಗು ಇಟ್ಕೊಂಡು ನೀವೊಬ್ರೇ ಇದ್ದಿದ್ರೆ ಈ ಅರ್ಜಿ ಕಣ್ಣು ಮುಚ್ಕೊಂಡು ಪಾಸಾಗ್ತಿತ್ತು."

ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕ. "ಅಂದ್ರೆ ನಾನು ಸತ್ರೆ ಮನೆ ಸಿಗುತ್ತೆ ಅಂತಾನಾ ಅವನು?"

"ಬಿಡ್ತು ಅನ್ನಿ. ಸಾಯೋದೇನೂ ಬೇಡ. ಬೇರೆ ಆದ್ರೆ ಸಾಕು. ಕಾಗದದಲ್ಲಷ್ಟೇ."

ಅವನ ನಗು ನಿಂತಿತು. "ಅದೆಲ್ಲ ಬೇಡ ಕಣೇ. ಎಲ್ಲಾದ್ರೂ ದೂರ ನೋಡೋಣ."

"ದೂರ ಹೋದ್ರೆ ನನ್ನ ಕೆಲಸ ಹೋಗುತ್ತೆ. ಒಬ್ಬರ ಸಂಬಳದಲ್ಲಿ ದೂರದ ಬಾಡಿಗೆನೂ ಕಟ್ಟಕ್ಕಾಗಲ್ಲ. ಎರಡು ವರ್ಷ ಅಷ್ಟೇ ರೀ. ಒಂದ್ಸಲ ಒಳಗೆ ಕಾಲಿಟ್ರೆ ಆಮೇಲೆ ಹೇಗೋ ಸರಿಮಾಡ್ಕೊಬಹುದು."

ಹದಿನೈದು ದಿನ ಬಿಡದೆ ಅವನ ತಲೆ ತಿಂದಳು. ಒಪ್ಪಿಸಿದವಳು ತಾನು ಎಂಬುದನ್ನು ಅವಳು ಮುಂದೆಂದೂ ಮರೆಯಲಿಲ್ಲ. ಮರೆಸಲು ಅವನೂ ಪ್ರಯತ್ನಿಸಲಿಲ್ಲ.

ನ್ಯಾಯಾಲಯದಲ್ಲಿ ಏನು ಹೇಳಬೇಕೆಂದು ಇಬ್ಬರೂ ಅಡುಗೆಮನೆಯಲ್ಲಿ ಕೂತು ಅಭ್ಯಾಸ ಮಾಡಿದರು. ಅವಳು ಜಗಳಗಂಟಿ ಎಂದು ಅವನು ಹೇಳಬೇಕು, ಅವನು ಕುಡಿಯುತ್ತಾನೆ ಎಂದು ಅವಳು. "ನಾನು ಕುಡಿಯಲ್ವಲ್ಲ, ಬಾಯಿ ಮೂಸಿ ನೋಡಿದ್ರೆ?" ಎಂದು ಅವನು ಕೇಳಿದ್ದಕ್ಕೆ ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಕೊನೆಗೆ ಹೊಂದಾಣಿಕೆಯಿಲ್ಲ ಎಂಬ ಒಂದೇ ಮಾತಿಗೆ ಬಂದು ನಿಂತರು.

ನ್ಯಾಯಾಧೀಶೆ ವಯಸ್ಸಾದವರು, ಮೃದು ಮಾತಿನವರು. ಕಾಗದದಿಂದ ತಲೆಯೆತ್ತಿ, "ಇನ್ನೊಂದ್ಸಲ ಯೋಚನೆ ಮಾಡಿದೀರಾ ಇಬ್ರೂ?" ಎಂದರು. ಅಭ್ಯಾಸ ಮಾಡಿದ ಮಾತು ಮಡಿಕೆಯಕ್ಕನ ಬಾಯಿಗೆ ಬರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಇವಳು ಪಟ್ಟ ಪಾಡು ದೊಡ್ಡದಿರಬೇಕು ಎಂದುಕೊಂಡರೋ ಏನೋ, ಅವರು ಮತ್ತೇನೂ ಕೇಳದೆ ಸಹಿ ಹಾಕಿದರು.

ಹೊರಗೆ ಟೀ ಅಂಗಡಿಯ ಮುಂದೆ ಗಂಡ ಅವಳ ಭುಜ ತಟ್ಟಿದ. "ಏನು ನಟನೆ ಕಣೇ ನಿಂದು!"

"ನಟನೆ ಅಲ್ಲ ರೀ. ಅಳು ಬಂದ್ಬಿಡ್ತು."

ಕಟ್ಟಡ ಮುಗಿಯಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ಬಿಲ್ಡರ್ ತೋರಿಸಿದ ತಗಡಿನ ಶೆಡ್ಡಿನಲ್ಲಿ ತಾಯಿ ಮಗಳು ದಿನ ನೂಕಿದರು. ಗಂಡ ಕೆಲಸದವರ ಜೊತೆ ಒಂದು ಕೋಣೆ ಹಂಚಿಕೊಂಡ. ಕೊನೆಗೆ ಬೀಗದಕೈ ಸಿಕ್ಕಿತು. ನಾಲ್ಕನೆಯ ಮಹಡಿ, ಎರಡು ಕೋಣೆ, ಅಡುಗೆಮನೆ, ಸ್ವಂತದ್ದೇ ಬಚ್ಚಲು. ಮೊದಲ ದಿನ ಮಡಿಕೆಯಕ್ಕ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಮುಂಭಾಗದ ಗಾಜಿನ ಬಾಗಿಲು ಅವರಿಗಲ್ಲ. ಕಸದ ತೊಟ್ಟಿಗಳ ಪಕ್ಕದ ಕಬ್ಬಿಣದ ಬಾಗಿಲೇ ಅವರ ದಾರಿ. ಅದರ ಬಗ್ಗೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿದ್ದು ಬೇರೆ. ಒಪ್ಪಂದದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅರ್ಜಿಯಲ್ಲಿ ಹೆಸರಿಲ್ಲದವರು ಮನೆಯಲ್ಲಿ ವಾಸವಿದ್ದರೆ ಮನೆ ವಾಪಸ್. ಬಾಗಿಲಲ್ಲಿ ಕಾವಲುಗಾರ, ಮೊಗಸಾಲೆಯಲ್ಲಿ ಕ್ಯಾಮೆರಾ. ಆಗ ಗಂಡನಿಗೊಂದು ಉಪಾಯ ಹೊಳೆಯಿತು. ಆ ಕಟ್ಟಡದ ಲಿಫ್ಟುಗಳ ನಿರ್ವಹಣೆ ಅವನ ಕಂಪನಿಗೇ ಸಿಕ್ಕಿತ್ತು. ಮೇಲಿನವನ ಕೈಕಾಲು ಹಿಡಿದು ಹಿಂಭಾಗದ ಲಿಫ್ಟನ್ನು ತನ್ನ ಪಾಲಿಗೆ ಹಾಕಿಸಿಕೊಂಡ.

ಅಂದಿನಿಂದ ಅವನು ತನ್ನ ಹೆಂಡತಿ ಮಗಳ ಮನೆಗೆ ದೂರಿನ ಚೀಟಿ ಹಿಡಿದು ಬರತೊಡಗಿದ. ನೀಲಿ ಅಂಗಿ, ಹೆಗಲಲ್ಲಿ ಉಪಕರಣದ ಚೀಲ. ಚೀಲದೊಳಗೆ ಸ್ಪ್ಯಾನರ್ ಜೊತೆ ತರಕಾರಿ, ಬಾಳೆಹಣ್ಣು, ಗುಬ್ಬಿಗೊಂದು ನೋಟ್‌ಪುಸ್ತಕ. ಕಾವಲುಗಾರ ಪುಸ್ತಕದಲ್ಲಿ 'ಲಿಫ್ಟ್' ಎಂದು ಬರೆದುಕೊಂಡು ಬಿಡುತ್ತಿದ್ದ. ಇವನು ಲಿಫ್ಟ್ ನಿಲ್ಲಿಸಿ, 'ದುರಸ್ತಿಯಲ್ಲಿದೆ' ಎಂಬ ಹಲಗೆ ನೇತುಹಾಕಿ ನಾಲ್ಕನೆಯ ಮಹಡಿಗೆ ಹತ್ತಿ, ಊಟ ಮಾಡಿ, ಮಗಳಿಗೆ ಲೆಕ್ಕ ಹೇಳಿಕೊಟ್ಟು, ಅರ್ಧ ಗಂಟೆ ಅಡ್ಡಾಗಿ ಹೋಗುತ್ತಿದ್ದ. ಐದನೆಯ ಮಹಡಿಯ ನಿವೃತ್ತ ಮೇಷ್ಟ್ರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವಾಗ, "ಇಷ್ಟು ಹೊಸ ಲಿಫ್ಟು, ವಾರಕ್ಕೆ ಮೂರು ಸಲ ಕೆಡುತ್ತಲ್ಲಪ್ಪ! ಯಾವ ದರಿದ್ರ ಕಂಪನಿದು?" ಎಂದು ಶಪಿಸುವುದು ಬಾಗಿಲ ಸಂದಿಯಿಂದ ಕೇಳಿಸುತ್ತಿತ್ತು. ಒಳಗೆ ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತು ಎಂದು ಮಡಿಕೆಯಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಅಪ್ಪ ಮೆಟ್ಟಿಲಲ್ಲಿ ಸಿಕ್ಕರೆ ಮೆಕ್ಯಾನಿಕ್ ಮಾಮ ಎನ್ನಬೇಕು, ಯಾರಾದರೂ ಕೇಳಿದರೆ ಹೀಗೆ ಹೇಳಬೇಕು ಎಂದು ಗುಬ್ಬಿಗೆ ಪಾಠ ಮಾಡಿದ್ದರು. ಮಗು ಚುರುಕು, ಒಂದೇ ಸಲಕ್ಕೆ ಕಲಿತಳು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ವಸತಿ ಕಚೇರಿಯಿಂದ ಇಬ್ಬರು ಬಂದರು. ಯಾರೋ ದೂರು ಕೊಟ್ಟಿದ್ದರು. ಬೀರು ತೆಗೆಸಿದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಬಚ್ಚಲಲ್ಲಿ ರೇಜರ್ ಸಿಕ್ಕಿತು.

"ಇದು ಯಾರದಮ್ಮ?"

"ನಂದೇ ಸಾರ್," ಎಂದಳು ಮಡಿಕೆಯಕ್ಕ. ಮುಖ ಕಾದ ಹೆಂಚಾಗಿತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯವನು ಗುಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಿಮ್ಮಪ್ಪ ಎಲ್ಲಿ ಪುಟ್ಟಾ?"

ಗುಬ್ಬಿ ಬರೆಯುತ್ತಿದ್ದ ಪುಸ್ತಕದಿಂದ ತಲೆಯೆತ್ತಿದಳು. "ನಂಗೆ ಅಪ್ಪ ಇಲ್ಲ," ಎಂದಳು. ಕಣ್ಣು ಸಹ ಮಿಟುಕಿಸಲಿಲ್ಲ. ಮತ್ತೆ ಬರೆಯತೊಡಗಿದಳು.

ಬಂದವರು ಎಚ್ಚರಿಕೆ ಕೊಟ್ಟು ಹೋದರು. ಮರುದಿನ ಗಂಡ ಬಂದಾಗ ಮಡಿಕೆಯಕ್ಕ ನಡೆದದ್ದನ್ನೆಲ್ಲ ಹೇಳಿದಳು. "ಚೆನ್ನಾಗೇ ಹೇಳಿದಾಳೆ, ಜಾಣೆ," ಎಂದ ಅವನು. ಎರಡು ತುತ್ತು ತಿಂದು ತಟ್ಟೆ ಸರಿಸಿದ. ರೇಜರನ್ನು ಚೀಲಕ್ಕೆ ಹಾಕಿಕೊಂಡ. ಅಲ್ಲಿಂದಾಚೆ ಅವನ ಒಂದು ಚೂರು ವಸ್ತುವೂ ಆ ಮನೆಯಲ್ಲಿ ಉಳಿಯಲಿಲ್ಲ.

ಎರಡು ವರ್ಷದ ಮಾತು ನಾಲ್ಕಾಯಿತು. ನಾಲ್ಕನೆಯ ವರ್ಷದ ಕೊನೆಗೆ ಲಿಫ್ಟುಗಳ ಗುತ್ತಿಗೆ ಬೇರೆ ಕಂಪನಿಗೆ ಹೋಯಿತು. ಅವನನ್ನು ಊರಿನ ಇನ್ನೊಂದು ತುದಿಗೆ, ಹೊಸದಾಗಿ ಏಳುತ್ತಿದ್ದ ಬಡಾವಣೆಗೆ ಹಾಕಿದರು. ಬರಲು ನೆಪವೇ ಉಳಿಯಲಿಲ್ಲ. ಭಾನುವಾರ ಬಸ್ ನಿಲ್ದಾಣದ ಬೆಂಚಿನಲ್ಲಿ ಭೇಟಿ ಎಂದಾಯಿತು. ಮೊದಮೊದಲು ಪ್ರತಿ ವಾರ. ಮಡಿಕೆಯಕ್ಕ ಡಬ್ಬಿಯಲ್ಲಿ ಊಟ ಒಯ್ಯುತ್ತಿದ್ದಳು. ಅವನು ತಿನ್ನುವಾಗ ಬಸ್ಸುಗಳು ಹೊಗೆಯುಗುಳುತ್ತಾ ಹಿಂದೆ ಮುಂದೆ ಸರಿಯುತ್ತಿದ್ದವು. ಗುಬ್ಬಿಗೆ ಹನ್ನೆರಡು ತುಂಬಿದ ಮೇಲೆ ಅವಳು ಬರಲು ಒಲ್ಲೆನೆಂದಳು. "ಅಲ್ಲಿ ಕೂತು ಏನು ಮಾತಾಡೋದಮ್ಮಾ? ಸ್ಕೂಲ್ ಹೇಗಿದೆ ಅಂತ ಕೇಳ್ತಾರೆ. ಚೆನ್ನಾಗಿದೆ ಅಂತೀನಿ. ಮುಗೀತು." ಆಮೇಲೆ ಭೇಟಿ ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮತ್ತೆ ಬರೀ ಫೋನು.

ಇತ್ತ ಬೀದಿ ಗುರುತು ಸಿಗದಂತಾಗಿತ್ತು. ಹಳಬರು ಒಬ್ಬೊಬ್ಬರೇ ಖಾಲಿ ಮಾಡಿದರು. ಹೊಸಬರು ಒಳ್ಳೆಯವರೇ, ಎದುರಾದರೆ ನಗುತ್ತಿದ್ದರು. ಆದರೆ ಆರು ತಿಂಗಳಿಗೊಮ್ಮೆ ಮುಖಗಳು ಬದಲಾಗುತ್ತಿದ್ದವು. ಒಂಟಿಯಾಗಿರುವವರು, ನಾಯಿ ಸಾಕಿದವರು, ದಿನದ ಲೆಕ್ಕದಲ್ಲಿ ಕೋಣೆ ಹಿಡಿದು ಚಕ್ರದ ಪೆಟ್ಟಿಗೆಗಳನ್ನು ಗಡಗಡ ಎಳೆದುಕೊಂಡು ಬರುವವರು. ಚಪ್ಪಲಿ ಹೊಲಿಯುವವನ ಅಂಗಡಿಯಲ್ಲಿ ಈಗ ಹೂಕುಂಡ ಮಾರುತ್ತಿದ್ದರು. ಗುಬ್ಬಿಯ ಶಾಲೆಯಲ್ಲಿ ತರಗತಿಗೆ ಮೂರು ವಿಭಾಗ ಇದ್ದದ್ದು ಒಂದಾಯಿತು. ನೆಲಮಾಳಿಗೆಯಲ್ಲಿ ಕೂತೇ ಮಡಿಕೆಯಕ್ಕನಿಗೆ ಇದೆಲ್ಲ ತಿಳಿಯುತ್ತಿತ್ತು. ಅವಳು ಸೇರಿದ ಹೊಸತರಲ್ಲಿ ಹೆರಿಗೆ ವಾರ್ಡಿನ ಎಳೆಮಕ್ಕಳ ಬಟ್ಟೆ ದಿನಕ್ಕೆರಡು ಬುಟ್ಟಿ ತುಂಬಿ ಬರುತ್ತಿತ್ತು. ಈಗ ಎರಡು ದಿನಕ್ಕೆ ಒಂದು ಬುಟ್ಟಿಯ ತಳವೂ ಮುಚ್ಚುತ್ತಿರಲಿಲ್ಲ. ಮಕ್ಕಳಾಗುವ ವಯಸ್ಸಿನವರಿಗೆ ಇಲ್ಲಿ ಇರಲು ಜಾಗವಿಲ್ಲ, ಜಾಗವಿದ್ದವರಿಗೆ ಮಕ್ಕಳಿಲ್ಲ. ಆಸ್ಪತ್ರೆಯವರು ಆ ವಾರ್ಡಿನ ಅರ್ಧ ಭಾಗಕ್ಕೆ ಬೀಗ ಹಾಕಿದರು.

ಗುಬ್ಬಿಗೆ ಹದಿನೆಂಟು ತುಂಬಿತು. ಔಷಧದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಡಿಕೆಯಕ್ಕ ಇನ್ನೂ ಖುಷಿಪಟ್ಟು ಮುಗಿದಿರಲಿಲ್ಲ, ವಾರ್ಷಿಕ ನಮೂನೆ ಬಂತು. ಮನೆಯಲ್ಲಿರುವ ವಯಸ್ಕರೆಲ್ಲರ ಆದಾಯ ಬರೆಯಬೇಕು. ಇಬ್ಬರದೂ ಸೇರಿಸಿದರೆ ಮತ್ತೆ ಅದೇ ಮಿತಿ, ಮತ್ತೆ ಅದೇ ಕೂದಲೆಳೆ.

"ಕೆಲಸ ಬಿಟ್ಬಿಡ್ಲಾ?" ಎಂದಳು ಗುಬ್ಬಿ.

"ಹುಚ್ಚಿ, ಸಿಕ್ಕಿದ ಕೆಲಸ ಯಾರಾದ್ರೂ ಬಿಡ್ತಾರಾ?"

"ಹಂಗಾದ್ರೆ ಮನೆ ಬಿಡ್ತೀನಿ. ಆಗ ಅಪ್ಪ ಜಾಸ್ತಿ ಆದ್ರು, ಈಗ ನಾನು ಜಾಸ್ತಿ ಆದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಮಡಿಕೆಯಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎರಡು ತಿಂಗಳಲ್ಲಿ ಬೇರೆ ಊರಿನ ಅಂಗಡಿಗೆ ಬದಲಿ ಮಾಡಿಸಿಕೊಂಡು, ಹುಡುಗಿಯರ ಹಾಸ್ಟೆಲ್ ಹಿಡಿದಳು.

ಮನೆಯಲ್ಲಿ ಮಡಿಕೆಯಕ್ಕ ಒಬ್ಬಳೇ ಉಳಿದಳು. ವರ್ಷ ಕಳೆಯುವಷ್ಟರಲ್ಲಿ ಕಚೇರಿಯಿಂದ ಕಾಗದ: ಒಬ್ಬರೇ ಇರುವವರಿಗೆ ಎರಡು ಕೋಣೆಯ ಮನೆಗೆ ಹಕ್ಕಿಲ್ಲ, ನೆಲ ಅಂತಸ್ತಿನ ಒಂಟಿ ಕೋಣೆಗೆ ಹೋಗಿ, ಇಲ್ಲವೇ ತೆರವು ಮಾಡಿ.

ಆಗ ಅವಳಿಗೆ ಗಂಡನ ನೆನಪು ಬೇರೆಯದೇ ರೀತಿಯಲ್ಲಿ ಬಂತು. ಹಿಂದಿನ ವರ್ಷ ಲಿಫ್ಟಿನ ಹಗ್ಗಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳು ಸೆಟೆದಿದ್ದವು. ಕಂಪನಿ ಅವನನ್ನು ಉಗ್ರಾಣದಲ್ಲಿ ಕೂರಿಸಿ ಸಂಬಳ ಅರ್ಧಕ್ಕಿಳಿಸಿತ್ತು. ಈಗ ಇಬ್ಬರದೂ ಸೇರಿದರೆ ಮಿತಿಯೊಳಗೇ ಬರುತ್ತದೆ! ಮತ್ತೆ ಮದುವೆ ನೋಂದಾಯಿಸಿ ಅವನ ಹೆಸರು ಸೇರಿಸಿದರಾಯಿತು. ಹದಿಮೂರು ವರ್ಷದಲ್ಲಿ ಮೊದಲ ಬಾರಿ ದಾರಿ ನೇರವಾಗಿ ಕಂಡಿತು. ಫೋನು ಮಾಡಿ ಕರೆಸಿದಳು.

ಕನ್ನಡಕದ ಗುಮಾಸ್ತನ ತಲೆ ಪೂರ್ತಿ ನರೆತಿತ್ತು. ಹಳೆಯ ಕಡತ ತರಿಸಿ ಓದಿದ. ಗಂಡನ ಹೆಸರಿನ ಮೇಲೆ ಬೆರಳಿಟ್ಟು, ಎದುರು ಕೂತವನ ಗುರುತಿನ ಚೀಟಿ ನೋಡಿದ. ಮೆಲ್ಲಗೆ ಕಡತ ಮುಚ್ಚಿ, ಹೊಸ ಅರ್ಜಿಯನ್ನು ಅವಳತ್ತ ತಳ್ಳಿದ.

"ಇದನ್ನ ಮನೆಗೆ ತಗೊಂಡು ಹೋಗಿ ಅಮ್ಮ. ನಾನು ನೋಡಿಲ್ಲ."

"ಯಾಕೆ ಸಾರ್? ಈಗೆಲ್ಲ ನಿಯಮದ ಪ್ರಕಾರಾನೇ ಇದೆಯಲ್ಲ?"

"ಬಿಟ್ಟ ಗಂಡನ್ನೇ ಮತ್ತೆ ಮದ್ವೆ ಆಗ್ತಿದೀನಿ ಅಂತ ಬರೆದ್ರೆ, ಅವತ್ತು ಬಿಟ್ಟಿದ್ದೇ ಸುಳ್ಳು ಅಂತಾರೆ. ಇಷ್ಟು ವರ್ಷದ ಪೂರ್ತಿ ಬಾಡಿಗೆ ನಿಮ್ಮ ಕೈಯಲ್ಲೇ ಕಕ್ಕಿಸ್ತಾರೆ. ಕೇಸೂ ಆಗುತ್ತೆ. ಬೇಡ."

ಕಚೇರಿಯ ಮೆಟ್ಟಿಲಿಳಿದು ಇಬ್ಬರೂ ಫುಟ್‌ಪಾತಿನಲ್ಲಿ ನಿಂತರು. ಮೊದಲು ಮಾತಾಡಿದ್ದು ಅವಳೇ. "ಹೋಗ್ಲಿ ಬಿಡಿ ರೀ. ನೀವಿರೋ ಕಡೆನೇ ಒಂದು ರೂಮು ನೋಡಿ. ನಾನು ಕೆಲಸ ಬಿಟ್ಟು ಬರ್ತೀನಿ. ಹೇಗೋ ಆಗುತ್ತೆ."

"ನೋಡ್ತೀನಿ," ಎಂದ. ಬಸ್ಸು ಬಂತು, ಹತ್ತಿದ.

ಒಂದು ತಿಂಗಳು ಕಾದಳು. ಫೋನಿನಲ್ಲಿ ಕೇಳಿದರೆ "ನೋಡ್ತಾ ಇದೀನಿ" ಎನ್ನುತ್ತಿದ್ದ. ಎರಡನೆಯ ತಿಂಗಳ ಒಂದು ಭಾನುವಾರ ಅವಳೇ ಎರಡು ಬಸ್ಸು ಬದಲಾಯಿಸಿ ಹೊರಟಳು. ಇಷ್ಟು ವರ್ಷದಲ್ಲಿ ಅವನಿರುವ ಜಾಗವನ್ನು ಅವಳು ಕಂಡಿರಲಿಲ್ಲ.

ಗ್ಯಾರೇಜಿನ ಮೇಲಿನ ಉದ್ದನೆಯ ಕೋಣೆ. ಗೋಡೆಗಂಟಿದ ಆರು ಕಬ್ಬಿಣದ ಮಂಚ. ಕಿಟಕಿ ಪಕ್ಕದ್ದು ಅವನದು. ತಲೆದೆಸೆಯಲ್ಲಿ ಅವನೇ ಮಾಡಿಕೊಂಡ ಹಲಗೆ, ಅದರ ಮೇಲೆ ರೇಡಿಯೋ, ಕನ್ನಡಿ, ಸಾಲಾಗಿ ನಿಲ್ಲಿಸಿದ ಔಷಧದ ಸೀಸೆಗಳು, ಬೆರಳು ಬಾಗಿಸಲು ಒಂದು ರಬ್ಬರ್ ಚೆಂಡು. ಹೊದಿಕೆ ನೀಟಾಗಿ ಹಾಸಿತ್ತು. ಕಿರಿಯರಿಬ್ಬರು ನೆಲದಲ್ಲಿ ಕೂತು ಇಸ್ಪೀಟು ಆಡುತ್ತಾ, ಅವನನ್ನು ಅಣ್ಣ ಅಣ್ಣ ಎಂದು ಛೇಡಿಸುತ್ತಿದ್ದರು. ಅವನು ನಗುತ್ತಿದ್ದ. ಆ ನಗುವನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಅವಳನ್ನು ಕಂಡು ಅವನು ದಡಬಡಿಸಿ ಎದ್ದ. ಆಡುತ್ತಿದ್ದವನೊಬ್ಬ ಎಲೆ ಕೆಳಗಿಟ್ಟು ಕೇಳಿದ. "ಯಾರಣ್ಣ ಇವ್ರು?"

"ನಮ್ಮ ಹಳೇ ಬೀದಿಯವರು," ಎಂದ ಅವನು.

ಯೋಚಿಸಿ ಹೇಳಿದ್ದಲ್ಲ. ನಾಲಿಗೆಗೆ ರೂಢಿಯಾಗಿದ್ದು ತಾನಾಗಿ ಹೊರಬಿತ್ತು. ಹೇಳಿದ ಮೇಲೆ ಅವನ ಮುಖ ಕಪ್ಪಿಟ್ಟಿತು. ತಿದ್ದುತ್ತಾನೇನೋ ಎಂದು ಮಡಿಕೆಯಕ್ಕ ಕಾದಳು.

"ಹೌದು," ಎಂದಳು ಆ ಹುಡುಗರಿಗೆ. "ಈ ಕಡೆ ಬಂದಿದ್ದೆ. ಹಾಗೇ ನೋಡ್ಕೊಂಡು ಹೋಗೋಣ ಅಂತ."

ಅವನು ಬಸ್ ನಿಲ್ದಾಣದವರೆಗೆ ಬಂದ. "ರೂಮು ನೋಡಿದ್ರಾ?" ಎಂದು ಅವಳು ಕೇಳಲಿಲ್ಲ. ಅವನೇ ಹೇಳಿದ. "ನಾನು ನೋಡೇ ಇಲ್ಲ ಕಣೇ. ಸುಳ್ಳು ಹೇಳ್ದೆ. ಮತ್ತೆ ಒಂದು ಮನೆ ಅಂದ್ರೆ ನಂಗೆ ಭಯ ಆಗುತ್ತೆ. ಯಾವಾಗ ಎದ್ದು ಹೋಗು ಅಂತಾರೋ ಅಂತ ಕಾಯ್ತಾ ಕೂರೋದು ನನ್ನ ಕೈಲಿ ಆಗಲ್ಲ."

"ನಾನು ಯಾವತ್ತಾದ್ರೂ ಹೋಗು ಅಂದಿದ್ನಾ?"

"ಅಂದಿಲ್ಲ," ಎಂದ. "ನಾನು ಬಂದಾಗೆಲ್ಲ ನೀನು ಗಡಿಯಾರ ನೋಡ್ತಿದ್ದೆ. ಅದೂ ತಪ್ಪಲ್ಲ ಬಿಡು, ನಾನೂ ನೋಡ್ತಿದ್ದೆ."

ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು. ಟಿಕೆಟ್ಟನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಹಿಡಿದಿದ್ದಳು.

ಮರುವಾರ ಒಂಟಿ ಕೋಣೆಗೆ ಸಹಿ ಹಾಕಿದಳು. ನೆಲ ಅಂತಸ್ತು, ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ದೊಡ್ಡ ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಹಳೆಯ ಸಾಮಾನಿನವನಿಗೆ ಕೊಟ್ಟಳು. ಗುಬ್ಬಿ ರಜೆ ಹಾಕಿ ಬರುತ್ತೇನೆಂದಳು; ಬರಲಾಗಲಿಲ್ಲ. ಐದನೆಯ ಮಹಡಿಯ ಮೇಷ್ಟ್ರು ತೀರಿಕೊಂಡಿದ್ದರು. ಸಾಮಾನು ಇಳಿಸುವಾಗ ಗುರುತಿನ ಮುಖ ಒಂದೂ ಮೆಟ್ಟಿಲಲ್ಲಿ ಎದುರಾಗಲಿಲ್ಲ. ಹೊಸ ಒಪ್ಪಂದದ ಕೊನೆಯ ಪುಟದಲ್ಲಿ, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬ ಒಂದು ಸಾಲು ಖಾಲಿ ಉಳಿದಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಆಸ್ಪತ್ರೆಯ ನೆಲಮಾಳಿಗೆಯ ಫೋನ್ ನಂಬರ್ ಬರೆದು, ಕಾಗದವನ್ನು ವಸತಿ ಕಚೇರಿಯ ಕಿಟಕಿಯೊಳಗೆ ಕೊಟ್ಟಳು.